ಆ ಕಾಲದಲ್ಲಿ ಆರ್ಕ್ಟಿಕ್ ಮಂಜನ್ನು ನದಿಗಳು ಕರಗಿಸಿದ್ದು ಹೇಗೆ?

ಪ್ರಶ್ನೆ: ಸುಮಾರು ಆರು ಸಾವಿರ ವರ್ಷಗಳ ಹಿಂದೆ ಸೈಬೀರಿಯಾದ ನದಿಗಳು ತಂದ ಶಾಖದಿಂದ ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆ ಕಡಿಮೆಯಾಗಿತ್ತಂತೆ. ಅಷ್ಟು ದೊಡ್ಡ ಸಮುದ್ರಕ್ಕೆ ನದಿಯ ಬಿಸಿ ಯಾವ ಲೆಕ್ಕ? ಅಲ್ಲದೆ ಸಿಹಿನೀರು ಉಪ್ಪುನೀರಿಗಿಂತ ಬೇಗ ಹೆಪ್ಪುಗಟ್ಟುತ್ತದೆ ಅಲ್ವಾ? ಮಂಜು ಜಾಸ್ತಿಯೇ ಆಗಬೇಕಿತ್ತಲ್ಲ?

ಉತ್ತರ: ನಿಮ್ಮ ಎರಡನೇ ಅನುಮಾನ ತುಂಬಾ ಒಳ್ಳೆಯದು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ ನೋಡೋಣ. 10 ಡಿಗ್ರಿಯ 8 ಲೀಟರ್ ನೀರು ಸುಮಾರು ಒಂದು ಕಿಲೋ ಮಂಜುಗಡ್ಡೆ ಕರಗಿಸಬಲ್ಲದು. ಅಷ್ಟೇನಾ ಅನ್ನಿಸಬಹುದು. ಆದರೆ ಸೈಬೀರಿಯಾದ ಲೀನಾ ನದಿಯೊಂದೇ ವರ್ಷಕ್ಕೆ 500 ಘನ ಕಿಲೋಮೀಟರ್‌ಗಿಂತ ಹೆಚ್ಚು ನೀರು ತಂದು ಸುರಿಯುತ್ತದೆ, ಅದರಲ್ಲಿ ಬಹುಪಾಲು ಬೇಸಿಗೆಯ ಕೆಲವೇ ತಿಂಗಳಲ್ಲಿ. ಪ್ರಪಂಚದ ಸಮುದ್ರ ನೀರಿನಲ್ಲಿ ಆರ್ಕ್ಟಿಕ್‌ನ ಪಾಲು ಶೇ. 1ರಷ್ಟು, ಆದರೆ ನದಿ ನೀರಿನಲ್ಲಿ ಅದಕ್ಕೆ ಸಿಗುವುದು ಶೇ. 10ರಷ್ಟು.

ಒಟ್ಟು ಶಾಖಕ್ಕಿಂತ ಅದು ಎಲ್ಲಿಗೆ, ಯಾವಾಗ ಬರುತ್ತದೆ ಅನ್ನುವುದೇ ದೊಡ್ಡದು. ಈ ನದಿಗಳು ತೆಂಕಣದಿಂದ ಬಡಗಣಕ್ಕೆ ಹರಿಯುತ್ತವೆ. ನದಿ ಹುಟ್ಟುವ ತೆಂಕಣದ ಕಡೆ ಹಿಮ ಮೊದಲು ಕರಗಿ ನೀರು ಹೊರಟುಬಿಡುತ್ತದೆ, ಅದು ಸಮುದ್ರ ಮುಟ್ಟುವ ಹೊತ್ತಿಗೆ ಕರಾವಳಿಯ ಮಂಜು ಇನ್ನೂ ಗಟ್ಟಿಯಾಗಿ ಕೂತಿರುತ್ತದೆ. ಅಲ್ಲಿ ಒಂದು ಬಿರುಕು ಬಿಟ್ಟರೆ ಸಾಕು. ಮಂಜು ಬಿಸಿಲಿನ ಅರ್ಧಕ್ಕಿಂತ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ನೀರು ಶೇ. 90ಕ್ಕೂ ಹೆಚ್ಚನ್ನು ನುಂಗುತ್ತದೆ, ಹಾಗಾಗಿ ನದಿ ಶುರು ಮಾಡಿದ ಕೆಲಸವನ್ನು ಸೂರ್ಯ ಮುಂದುವರಿಸುತ್ತಾನೆ. ಕೆನಡಾದ ಮೆಕೆಂಜಿ ನದಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. 2012ರ ಜೂನ್-ಜುಲೈನಲ್ಲಿ ದಡದ ಮಂಜಿನ ತಡೆ ಒಡೆದು ಬೆಚ್ಚಗಿನ ನೀರು ನುಗ್ಗಿದಾಗ ಮೂರೇ ವಾರದಲ್ಲಿ ಅಲ್ಲಿನ ಸಮುದ್ರದ ಮೇಲ್ಮೈಯ ಬಿಸಿ ಸರಾಸರಿ 6.5 ಡಿಗ್ರಿಯಷ್ಟು ಏರಿತು.

ಈಗ ಹಿಂದಕ್ಕೆ ಹೋಗೋಣ. ಭೂಮಿ ಇಂದು ಸೂರ್ಯನಿಗೆ ತೀರಾ ಹತ್ತಿರ ಬರುವುದು ಜನವರಿಯಲ್ಲಿ. ಸುಮಾರು 11,000 ವರ್ಷಗಳ ಹಿಂದೆ ಅದು ಉತ್ತರದ ಬೇಸಿಗೆಯಲ್ಲಾಗುತ್ತಿತ್ತು, 6,000 ವರ್ಷಗಳ ಹಿಂದೆಯೂ ಅಲ್ಲಿನ ಬೇಸಿಗೆ ಬಿಸಿಲು ಇಂದಿಗಿಂತ ಚುರುಕಾಗಿತ್ತು. (ನಮ್ಮ ಮುಂಗಾರನ್ನು ಆಗ ಬಲಪಡಿಸಿದ್ದೂ ಇದೇ ಬಿಸಿಲು.) 9,000ದಿಂದ 7,000 ವರ್ಷಗಳ ಹಿಂದೆ ಸೈಬೀರಿಯಾದ ಕಾಡು ಆರ್ಕ್ಟಿಕ್ ಕರಾವಳಿಯ ಹತ್ತಿರದವರೆಗೂ ಬೆಳೆದಿತ್ತು. ಈಗ ಅಲ್ಲಿ ಮರವೇ ಇಲ್ಲ. ಅಂಥ ನೆಲದಿಂದ ಬರುವ ನದಿ ಬೆಚ್ಚಗೆ ಇರದೆ ಇನ್ನೇನು? ಜೊತೆಗೆ, ಹಿಮಯುಗದಲ್ಲಿ ಸಮುದ್ರ 120 ಮೀಟರ್‌ನಷ್ಟು ಕೆಳಗಿತ್ತು, ಸೈಬೀರಿಯಾದ ಅಂಚು ಒಣನೆಲವಾಗಿತ್ತು. ನೀರು ಏರಿ ಅಲ್ಲಿ ಆಳವಿಲ್ಲದ ಸಮುದ್ರ ಹರಡಿದ ಮೇಲೆ ನದಿಯ ಬಿಸಿ ನೇರವಾಗಿ ಮಂಜಿನ ಬುಡಕ್ಕೇ ತಾಕತೊಡಗಿತು.

ಇದೆಲ್ಲ ಗೊತ್ತಾಗುವುದು ಸಮುದ್ರ ತಳದ ಕೆಸರಿನಿಂದ. ಮಂಜಿನೊಳಗೆ ಬದುಕುವ ಒಂದು ಬಗೆಯ ಪಾಚಿ ಐಪಿ25 ಎಂಬ ಕೊಬ್ಬಿನಂಥ ವಸ್ತು ಬಿಟ್ಟುಹೋಗುತ್ತದೆ. ಕೆಸರಿನಲ್ಲಿ ಇದು ಸಿಕ್ಕರೆ ಆಗ ಅಲ್ಲಿ ಮಂಜು ಇತ್ತು ಎಂದರ್ಥ ಎನ್ನುವ ಗುಟ್ಟು 2007ರಲ್ಲಿ ಬಯಲಾಯಿತು. ನದಿ ಹೊತ್ತು ತಂದ ಗಿಡಮರಗಳ ಮೇಣವೂ ಅದೇ ಕೆಸರಿನಲ್ಲಿ ಸಿಗುತ್ತದೆ. ಎರಡನ್ನೂ ಪದರ ಪದರವಾಗಿ ಹೋಲಿಸಿ, ಕಂಪ್ಯೂಟರ್ ಮಾದರಿಗಳ ಜೊತೆ ತಾಳೆ ನೋಡಿದಾಗ, ಆಗಿನ ಕರಗುವಿಕೆಯಲ್ಲಿ ನದಿ ಶಾಖದ ಕೈ ಕಾಣಿಸಿತು.

ಇನ್ನು ಸಿಹಿನೀರು. ಸಮುದ್ರದ ನೀರು ಮೈನಸ್ 1.8 ಡಿಗ್ರಿಗೆ ಹೆಪ್ಪುಗಟ್ಟಿದರೆ ನದಿ ನೀರು ಸೊನ್ನೆಗೇ ಹೆಪ್ಪುಗಟ್ಟುತ್ತದೆ. ಹಗುರವಾದ್ದರಿಂದ ಅದು ಮೇಲೇ ನಿಂತು, ಅಡಿಯಲ್ಲಿರುವ ಅಟ್ಲಾಂಟಿಕ್‌ನ ಬೆಚ್ಚಗಿನ ಉಪ್ಪುನೀರಿಗೆ ಮುಚ್ಚಳ ಹಾಕಿದಂತೆ ಆಗುತ್ತದೆ. ಜೂನ್‌ನಲ್ಲಿ ಮಂಜು ಒಡೆದ ಅದೇ ನದಿ ಅಕ್ಟೋಬರ್‌ನಲ್ಲಿ ಮಂಜು ಕಟ್ಟಲು ನೆರವಾಗುತ್ತದೆ. ಹಾಗಾಗಿ ಆ ಕಾಲದಲ್ಲಿ ನದಿ ನೀರು ಜಾಸ್ತಿ ಇತ್ತು ಎಂದಷ್ಟೇ ಹೇಳಿದರೆ ಸಾಲದು. ಅದು ಎಷ್ಟು ಬೆಚ್ಚಗಿತ್ತು, ಯಾವ ತಿಂಗಳಲ್ಲಿ ಬಂತು ಎಂದೂ ಕೇಳಬೇಕು.