ಬಿ.ಎ. ಪದವಿಯಲ್ಲಿ ಜೀವಶಾಸ್ತ್ರ ಓದಬಹುದೇ?

ಪ್ರಶ್ನೆ: ನಾನು ಪಿಯುಸಿ ವಿಜ್ಞಾನ ವಿಭಾಗದಲ್ಲಿ ತೇರ್ಗಡೆಯಾಗಿದ್ದೇನೆ. ಅಮೆರಿಕದ ಒಂದು ಚಿಕ್ಕ ಲಿಬರಲ್ ಆರ್ಟ್ಸ್ (ಕಲೆ, ವಿಜ್ಞಾನಗಳನ್ನು ಒಟ್ಟಿಗೆ ಕಲಿಸುವ) ಕಾಲೇಜಿನಲ್ಲಿ ಜೀವಶಾಸ್ತ್ರ ಓದಲು ಪ್ರವೇಶವೂ ಒಂದಷ್ಟು ಆರ್ಥಿಕ ನೆರವೂ ದೊರೆತಿವೆ. ಆದರೆ ಅಲ್ಲಿ ಕೊಡುವುದು ಬಿ.ಎ. ಪದವಿ, ಪಿಎಚ್.ಡಿ. ವಿಭಾಗವೂ ಇಲ್ಲ. ಮುಂದೆ ಸಂಶೋಧನೆಗಾಗಲಿ ವೈದ್ಯಕೀಯಕ್ಕಾಗಲಿ ಇದರಿಂದ ಹಿನ್ನಡೆಯಾಗುವುದೇ ಎಂಬ ಆತಂಕ ಮನೆಯವರಿಗಿದೆ. ದಯವಿಟ್ಟು ತಿಳಿಸಿ.

ಉತ್ತರ: ಸಂಶೋಧನೆಯ ಮಟ್ಟಿಗೆ ಬಿ.ಎ. ಎಂಬ ಹೆಸರಿನ ಬಗ್ಗೆ ಚಿಂತೆ ಬೇಡ. ಅಲ್ಲಿನ ಇಂಥ ಬಹುಪಾಲು ಕಾಲೇಜುಗಳು ವಿಜ್ಞಾನದ ವಿದ್ಯಾರ್ಥಿಗಳಿಗೂ ಇದೇ ಪದವಿಯನ್ನು ಕೊಡುತ್ತವೆ, ಪಿಎಚ್.ಡಿ. ಪ್ರವೇಶ ಸಮಿತಿಗಳು ನೋಡುವುದು ನೀವು ಓದಿದ ವಿಷಯಗಳನ್ನು, ಮಾಡಿದ ಪ್ರಯೋಗಗಳನ್ನು ಮತ್ತು ಪ್ರಾಧ್ಯಾಪಕರು ಬರೆದ ಶಿಫಾರಸು ಪತ್ರಗಳನ್ನು. ನೊಬೆಲ್ ಪಡೆದವರ ಹೆಸರು ಹೇಳಿ ಕಾಲೇಜಿನ ಗುಣಗಾನ ಮಾಡುವುದು ಪ್ರವೇಶ ಕಚೇರಿಗಳ ಹಳೆಯ ಚಾಳಿ. ಆದರೂ ಮನೆಯವರ ಸಮಾಧಾನಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಆರ್‌ಎನ್‌ಎಯಿಂದ ಡಿಎನ್‌ಎ ರೂಪುಗೊಳ್ಳಬಲ್ಲದು ಎಂಬುದನ್ನು 1970ರಲ್ಲಿ ಬೇರೆಬೇರೆಯಾಗಿ ತೋರಿಸಿ, 1975ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಇಬ್ಬರೂ ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಎಂಬ ಚಿಕ್ಕ ಕಾಲೇಜಿನಲ್ಲಿ ಪದವಿ ಓದಿದವರು.

ಪಿಎಚ್.ಡಿ. ವಿಭಾಗ ಇಲ್ಲದಿರುವುದನ್ನು ನೀವು ಕೊರತೆಯೆಂದು ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಇಂಥ ಕಾಲೇಜಿನ ಮುಖ್ಯ ಲಾಭವೇ ಅದು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪ್ರಾಯೋಗಿಕ ತರಗತಿಗಳನ್ನು ಸಾಮಾನ್ಯವಾಗಿ ಸಂಶೋಧನಾ ವಿದ್ಯಾರ್ಥಿಗಳು ನಡೆಸುತ್ತಾರೆ, ಪ್ರಯೋಗಾಲಯದ ಮುಖ್ಯ ಕೆಲಸವೂ ಅವರ ಕೈಯಲ್ಲೇ ಇರುತ್ತದೆ. ಚಿಕ್ಕ ಕಾಲೇಜಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳೇ ಇಲ್ಲದ ಕಾರಣ, ಜೀವಕೋಶಗಳನ್ನು ಬೆಳೆಸುವುದರಿಂದ ಹಿಡಿದು ಅಂಕಿ-ಅಂಶಗಳ ವಿಶ್ಲೇಷಣೆಯವರೆಗಿನ ಕೆಲಸವನ್ನು ಪ್ರಾಧ್ಯಾಪಕರು ಪದವಿ ವಿದ್ಯಾರ್ಥಿಗಳನ್ನೇ ಜೊತೆಗಿಟ್ಟುಕೊಂಡು ಮಾಡಬೇಕಾಗುತ್ತದೆ. ಒರೆಗನ್‌ನ ರೀಡ್ ಕಾಲೇಜಿನಂಥ ಕಡೆ ಕೊನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಸಂಶೋಧನಾ ಪ್ರಬಂಧ ಬರೆಯುವುದು ಕಡ್ಡಾಯ. ಎರಡು ವರ್ಷ ನಿಮ್ಮ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದವರು ಬರೆಯುವ ಶಿಫಾರಸು ಪತ್ರಕ್ಕೂ, ತರಗತಿಯ ಅಂಕಗಳನ್ನು ಮಾತ್ರ ಬಲ್ಲವರ ಪತ್ರಕ್ಕೂ ಬಹಳ ಅಂತರವಿರುತ್ತದೆ. ಅಮೆರಿಕದಲ್ಲಿ ಪದವಿಯ ನಂತರ ಸ್ನಾತಕೋತ್ತರ ಪದವಿಯಿಲ್ಲದೆಯೇ ಪಿಎಚ್.ಡಿ.ಗೆ ಸೇರಬಹುದಾದ್ದರಿಂದ ಈ ಅಂತರ ಇನ್ನೂ ಮುಖ್ಯವಾಗುತ್ತದೆ.

ಇಲ್ಲಿ ವಿದೇಶಿ ವಿದ್ಯಾರ್ಥಿಗಳು ತಡವಾಗಿ ತಿಳಿದುಕೊಳ್ಳುವ ಸಂಗತಿಯೊಂದಿದೆ. ಬೇಸಿಗೆ ರಜೆಯಲ್ಲಿ ಬೇರೆ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ದುಡಿಯಲು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಆರ್‌ಇಯು ಎಂಬ ಯೋಜನೆಯ ಮೂಲಕ ಹಣ ಕೊಡುತ್ತದೆ; ಆದರೆ ಆ ಹಣ ಅಲ್ಲಿನ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಮೀಸಲು. ಆದ್ದರಿಂದ ಬೇಸಿಗೆಯ ಸಂಶೋಧನೆಗೆ ಕಾಲೇಜು ತನ್ನದೇ ನಿಧಿಯಿಂದ ಹಣ ಕೊಡುತ್ತದೆಯೇ, ಅದು ವಿದೇಶಿಯರಿಗೂ ಸಿಗುತ್ತದೆಯೇ ಎಂಬುದನ್ನು ಈಗಲೇ ಪತ್ರ ಬರೆದು ಕೇಳಿ.

ವಿಭಾಗ ಚಿಕ್ಕದಿರುವುದರ ನಿಜವಾದ ತೊಡಕು ಬೇರೆ. ಅಧ್ಯಾಪಕರ ಸಂಖ್ಯೆ ಕಡಿಮೆಯಿರುವಾಗ ರೋಗನಿರೋಧಕ ಶಾಸ್ತ್ರ, ಸಸ್ಯ ಶರೀರಕ್ರಿಯೆ ಮುಂತಾದ ವಿಷಯಗಳಿಗೆ ಒಬ್ಬರೇ ಇರಬಹುದು. ಅವರು ರಜೆಯ ಮೇಲೆ ಹೋದ ವರ್ಷ ಆ ಕೋರ್ಸೇ ಇರುವುದಿಲ್ಲ. ಕೋರ್ಸ್ ಪಟ್ಟಿಯಲ್ಲಿರುವ ಹೆಸರುಗಳನ್ನು ನಂಬದೆ, ಕಳೆದ ಎರಡು ವರ್ಷಗಳಲ್ಲಿ ನಿಜವಾಗಿ ನಡೆದ ಕೋರ್ಸುಗಳು ಯಾವುವೆಂದು ವಿಚಾರಿಸಿ.

ಮೇಜರ್ ವಿಷಯವನ್ನು, ಅಂದರೆ ಪದವಿಯ ಮುಖ್ಯ ವಿಷಯವನ್ನು, ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಗೆ ಘೋಷಿಸಿದರೆ ಸಾಕು. ಹಾಗೆಂದು ಮೊದಲ ವರ್ಷ ಇತಿಹಾಸ, ಸಂಗೀತ ಎಂದು ಎಲ್ಲವನ್ನೂ ಸವಿಯುತ್ತ ರಸಾಯನಶಾಸ್ತ್ರವನ್ನು ಮುಂದೂಡಬೇಡಿ. ಸಾಮಾನ್ಯ ರಸಾಯನಶಾಸ್ತ್ರ ಮುಗಿಯದೆ ಸಾವಯವ ರಸಾಯನಶಾಸ್ತ್ರವಿಲ್ಲ, ಅದು ಮುಗಿಯದೆ ಬಹುತೇಕ ಕಡೆ ಜೀವರಸಾಯನಶಾಸ್ತ್ರವಿಲ್ಲ. ಒಂದು ವರ್ಷ ತಡವಾದರೆ ಕೊನೆಯ ವರ್ಷದ ಪ್ರಬಂಧಕ್ಕೆ ಬೇಕಾದ ತಳಹದಿಯೇ ಸಮಯಕ್ಕೆ ಸಿದ್ಧವಾಗುವುದಿಲ್ಲ. ಸಂಖ್ಯಾಶಾಸ್ತ್ರವನ್ನೂ ಬೇಗ ಮುಗಿಸಿಕೊಳ್ಳಿ.

ವೈದ್ಯಕೀಯದ ವಿಷಯದಲ್ಲಿ ಮಾತ್ರ ಮನೆಯವರ ಆತಂಕಕ್ಕೆ ಆಧಾರವಿದೆ, ಆದರೆ ಅದಕ್ಕೆ ಕಾರಣ ಕಾಲೇಜಿನ ಗಾತ್ರವಲ್ಲ. ಅಮೆರಿಕದಲ್ಲಿ ವೈದ್ಯಕೀಯ ಶಿಕ್ಷಣವು ಪದವಿಯ ನಂತರದ ಓದು. ಅದರ ಪ್ರವೇಶಕ್ಕಾಗಿ ಇರುವ ಎಂಸಿಎಟಿ ಪರೀಕ್ಷೆ ಬರೆದು ಉತ್ತಮ ಅಂಕ ಪಡೆದರೂ ಅಲ್ಲಿನ ಅನೇಕ ವೈದ್ಯಕೀಯ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೇ ಪರಿಗಣಿಸುವುದಿಲ್ಲ. ಭಾರತಕ್ಕೆ ಮರಳಿ ಎಂಬಿಬಿಎಸ್ ಸೇರುವುದಾದರೆ ಈ ಪದವಿಯಿಂದ ಯಾವ ರಿಯಾಯಿತಿಯೂ ಇಲ್ಲ, ನೀಟ್ ಬರೆಯಲೇಬೇಕು. ವೈದ್ಯರಾಗುವುದೇ ನಿಮ್ಮ ಮೊದಲ ಆಸೆಯಾಗಿದ್ದರೆ ಪ್ರವೇಶವನ್ನು ಒಪ್ಪಿಕೊಳ್ಳುವ ಮುನ್ನವೇ ಅದನ್ನು ಮನೆಯವರೊಡನೆ ಇತ್ಯರ್ಥ ಮಾಡಿಕೊಳ್ಳಿ.