ಅಗ್ಗವಾದ ಮಾತ್ರಕ್ಕೆ ಡಂಪಿಂಗ್ ಅಲ್ಲ

ಆಮದಾಗುವ ಸ್ಟೀಲ್ ಪೈಪು ನಿಮ್ಮ ದರಕ್ಕಿಂತ ಅಗ್ಗ, ಇದು ಡಂಪಿಂಗ್ ತಾನೇ, ಡಂಪಿಂಗ್ ಸುಂಕದ ಜೊತೆಗೆ ಸಬ್ಸಿಡಿ ಸುಂಕವನ್ನೂ (ರಫ್ತುದಾರನಿಗೆ ಅವನ ಸರ್ಕಾರ ಕೊಟ್ಟ ನೆರವನ್ನು ಸರಿದೂಗಿಸುವ ಸುಂಕ) ಹಾಕಿಸಬಹುದಾ ಎಂದು ಕೇಳಿದ್ದೀರಿ.

ನಿಮ್ಮ ದರದ ಜೊತೆ ಹೋಲಿಸಿದರೆ ಡಂಪಿಂಗ್ ಗೊತ್ತಾಗುವುದಿಲ್ಲ. ಅದೇ ಪೈಪನ್ನು ರಫ್ತುದಾರ ತನ್ನ ದೇಶದೊಳಗೆ ಎಷ್ಟಕ್ಕೆ ಮಾರುತ್ತಾನೆ, ಹೊರಗೆ ಎಷ್ಟಕ್ಕೆ ಕಳಿಸುತ್ತಾನೆ ಎಂಬುದನ್ನು ತನಿಖಾಧಿಕಾರಿಗಳು ನೋಡುತ್ತಾರೆ; ಹೊರಗಿನ ಬೆಲೆ ಕಡಿಮೆಯಿದ್ದರೆ ಅದು ಡಂಪಿಂಗ್. ವ್ಯತ್ಯಾಸ ರಫ್ತು ಬೆಲೆಯ ಶೇ. 2ಕ್ಕಿಂತ ಕಡಿಮೆಯಿದ್ದರೆ ವಿಶ್ವ ವಾಣಿಜ್ಯ ಸಂಸ್ಥೆಯ ನಿಯಮದಂತೆ ತನಿಖೆ ಮುಚ್ಚಲೇಬೇಕು.

ನನ್ನ ಪ್ರಕಾರ ನಿಜವಾಗಿ ಬೆವರಿಳಿಸುವುದು ಹಾನಿಯ ಲೆಕ್ಕ, ಅಂದರೆ ಆ ಆಮದಿನಿಂದ ಇಲ್ಲಿನ ತಯಾರಕರಿಗೆ ನಷ್ಟವಾಗಿದೆ ಎಂದು ತೋರಿಸುವುದು. ನಿಮಗಾದ ನಷ್ಟದಲ್ಲಿ ಬೇಡಿಕೆ ಕುಸಿತದ ಪಾಲೆಷ್ಟು, ಹಳೇ ಯಂತ್ರಗಳ ಪಾಲೆಷ್ಟು ಎಂದು ಕೇಳುತ್ತಾರೆ. ಅದನ್ನೆಲ್ಲ ಆಮದಿನ ತಲೆಗೆ ಕಟ್ಟುವಂತಿಲ್ಲ. ಸಣ್ಣ ತಯಾರಕರು ಒಬ್ಬರೇ ಅರ್ಜಿ ಹಾಕಿದರೆ ಸಾಲದು. ಅರ್ಜಿಯನ್ನು ಬೆಂಬಲಿಸುವವರು ದೇಶದ ಒಟ್ಟು ಉತ್ಪಾದನೆಯ ಕನಿಷ್ಠ ಶೇ. 25ರಷ್ಟನ್ನಾದರೂ ತಯಾರಿಸುವವರಾಗಿರಬೇಕು.

ಸಬ್ಸಿಡಿ ತನಿಖೆಯಲ್ಲಿ ಪ್ರಶ್ನೆ ಹೋಗುವುದು ಆ ದೇಶದ ಸರ್ಕಾರಕ್ಕೂ. ಎರಡೂ ಸುಂಕ ಬೀಳಬಹುದು, ಆದರೆ ಒಂದೇ ರಫ್ತು ಸಬ್ಸಿಡಿಗೆ ಎರಡು ಬಾರಿ ಅಲ್ಲ.

ತನಿಖೆ ಸಾಮಾನ್ಯವಾಗಿ ಒಂದು ವರ್ಷ, ಎಳೆದರೆ 18 ತಿಂಗಳು. ಹಾಗಾಗಿ ವಕೀಲರನ್ನು ಹುಡುಕುವ ಮೊದಲು ತಯಾರಿಕಾ ವೆಚ್ಚ, ಮಾರಾಟ, ದಾಸ್ತಾನಿನ ತಿಂಗಳವಾರು ಲೆಕ್ಕ ಸರಿಮಾಡಿಕೊಳ್ಳಿ.