ಹೀಬ್ರೂ ಮೂಲದ ಇಂಗ್ಲಿಷ್ ಪದಗಳು: ಫಾರ್ವರ್ಡ್ ಪಟ್ಟಿಯನ್ನು ಜರಡಿ ಹಿಡಿಯುವುದು ಹೀಗೆ

ಸರ್, ನೀವು ಹಾಕಿದ ಪಟ್ಟಿಯಲ್ಲಿರುವ ಅರ್ತ್ (ಭೂಮಿ), ಸೈಡರ್ (ಸೇಬಿನ ಪಾನೀಯ), ಜುಬಿಲಿ, ಆಬಟ್ (ಕ್ರೈಸ್ತ ಮಠಾಧಿಪತಿ), ಬೇಗಲ್ (ಬಳೆಯಾಕಾರದ ಬ್ರೆಡ್), ಚೆರಬ್ (ರೆಕ್ಕೆಯ ದೇವದೂತ) ಎಲ್ಲವೂ ಹೀಬ್ರೂವಿನಿಂದ ಬಂದವೇ ಎಂದು ಕೇಳಿದ್ದೀರಿ. ಸೈಡರ್, ಜುಬಿಲಿ, ಚೆರಬ್ ಮೂರು ಮಾತ್ರ ಉಳಿಯುತ್ತವೆ.

ಉಚ್ಚಾರ ಹೋಲುತ್ತದೆಯೇ ಎಂದು ನೋಡಬೇಡಿ, ಪದ ಬಂದ ದಾರಿ ನೋಡಿ. ಹಳೆಯ ಹೀಬ್ರೂ ಪದಗಳು ಹೆಚ್ಚಾಗಿ ಬೈಬಲ್ ಮೂಲಕ ಗ್ರೀಕ್, ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದವು. ನಿರುಕ್ತ (ಪದದ ಮೂಲ) ಕೊಡುವ ನಿಘಂಟಿನಲ್ಲಿ ಈ ಮೆಟ್ಟಿಲುಗಳನ್ನು ಹುಡುಕಿ. ಅರ್ತ್‌ಗೆ ಅವು ಇಲ್ಲವೇ ಇಲ್ಲ. ಅದು ಜರ್ಮನಿಕ್ ಪದ, ಜರ್ಮನ್ನಿನ ಎರ್ಡೆಯ ಬಳಗ; ಭೂಮಿ ಎಂಬರ್ಥದ ಹೀಬ್ರೂವಿನ ಎರೆಟ್ಸ್ ಜೊತೆಗಿನ ಹೋಲಿಕೆ ಬರೀ ಕಾಕತಾಳೀಯ.

ಸೈಡರ್ ನೋಡಿ. ಹೀಬ್ರೂವಿನಲ್ಲಿ ಶೇಖಾರ್ ಎಂದರೆ ಅಮಲೇರಿಸುವ ಪಾನೀಯ. ಗ್ರೀಕಿನಲ್ಲಿ ಅದು ಸಿಕೆರಾ ಆಯಿತು, ಲ್ಯಾಟಿನ್ ದಾಟಿ ಹಳೆಯ ಫ್ರೆಂಚಿಗೆ ಹೋಯಿತು. 14ನೇ ಶತಮಾನದ ಇಂಗ್ಲಿಷ್ ಅನುವಾದವಾದ ವಿಕ್ಲಿಫ್ ಬೈಬಲಿನಲ್ಲೂ ಅದಕ್ಕೆ ಮದ್ಯ ಎಂಬ ಅರ್ಥವೇ. ಸೇಬಿನ ಪಾನೀಯಕ್ಕಷ್ಟೇ ಸೀಮಿತವಾದದ್ದು ಆಮೇಲೆ.

ಶ ಏಕೆ ಸ ಆಯಿತು? ಗ್ರೀಕಿನಲ್ಲಿ ಶ ಧ್ವನಿಯೇ ಇರಲಿಲ್ಲ. ಶಬ್ಬಾತ್ (ವಿಶ್ರಾಂತಿಯ ದಿನ) ಸಬ್ಬಟೋನ್ ಆದದ್ದೂ, ಮಾಶಿಯಾಖ್ (ಅಭಿಷಿಕ್ತ) ಮೆಸ್ಸಿಯಾಸ್ ಆದದ್ದೂ ಅದರಿಂದಲೇ. ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂಥದ್ದು ಎಂಬರ್ಥದ ಕೋಷರ್‌ನಲ್ಲಿ ಆ ಧ್ವನಿ ಉಳಿದಿದೆ, ಏಕೆಂದರೆ ಅದು ಗ್ರೀಕಿನ ಹಾದಿ ಹಿಡಿಯದೆ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್ ಮೂಲಕ ಬಂತು. ಶಿಬ್ಬೊಲೆತ್‌ನ ಕಥೆಯೂ ಇದೇ ಧ್ವನಿಯದು: ಯೊರ್ದನ್ ನದಿಯ ಹಾಯಗಡದಲ್ಲಿ ಆ ಪದ ಹೇಳಿಸಿ, ಸಿಬ್ಬೊಲೆತ್ ಎಂದ ಎಫ್ರಾಯೀಮ್ ಕುಲದವರನ್ನು ಅವರ ಶತ್ರುಗಳಾದ ಗಿಲ್ಯಾದಿನವರು ಕೊಂದರು ಎನ್ನುತ್ತದೆ ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 12ನೇ ಅಧ್ಯಾಯ. ಶ-ಸ ತಪ್ಪಿದವರನ್ನು ಛೇಡಿಸುವ ನಮ್ಮವರು ಓದಬೇಕಾದ ಭಾಗ.

ಜುಬಿಲಿಯ ಮೂಲ ಯೋವೇಲ್, ಟಗರಿನ ಕೊಂಬು. ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯದ ಪ್ರಕಾರ 50ನೇ ವರ್ಷ ಕೊಂಬೂದಿ ದಾಸರನ್ನು ಬಿಡುಗಡೆ ಮಾಡಿ, ಭೂಮಿಯನ್ನು ಮೂಲ ಕುಟುಂಬಕ್ಕೆ ಹಿಂದಿರುಗಿಸಬೇಕು. ಲ್ಯಾಟಿನ್ನಿಗೆ ಬಂದಾಗ ಸಂತೋಷದಿಂದ ಕೂಗು ಎಂಬರ್ಥದ ಯೂಬಿಲಾರೆ ಇದರೊಡನೆ ಬೆರೆತು ರೂಪ ಬದಲಾಯಿತು. ಹಾಗಾಗಿ ಇದನ್ನು ಶುದ್ಧ ಹೀಬ್ರೂ ಎನ್ನುವುದೂ ಅರ್ಧಸತ್ಯ.

ಚೆರಬ್ ಸರಿ. ಅದರ ಹೀಬ್ರೂ ಬಹುವಚನ ಚೆರುಬಿಮ್. 1611ರ ಕಿಂಗ್ ಜೇಮ್ಸ್ ಬೈಬಲ್ ಅದಕ್ಕೂ ಸ್ ಹಚ್ಚಿ ಚೆರುಬಿಮ್ಸ್ ಮಾಡಿತು, ನಾವು ಬುಕ್ಸ್‌ಗಳು ಎಂದ ಹಾಗೆ.

ಹೆಚ್ಚು ಜನ ಎಡವುವುದು ಎರಡು ಕಡೆ. ಒಂದು, ಹೀಬ್ರೂವಿನ ಸೋದರ ಭಾಷೆಯಾದ ಅರಾಮಿಕ್. ಆಬಟ್ ಹುಟ್ಟಿದ್ದು ತಂದೆ ಎಂಬರ್ಥದ ಅಬ್ಬಾದಿಂದ. ಅದು ಅರಾಮಿಕ್, ಮ್ಯಾಮನ್ (ಸಂಪತ್ತು) ಕೂಡ. ಇನ್ನೊಂದು, ಯಿಡ್ಡಿಷ್‌ನಿಂದ ಬಂದದ್ದೆಲ್ಲ ಹೀಬ್ರೂ ಎಂಬ ಭಾವನೆ. ಯಿಡ್ಡಿಷ್‌ನ ತಳಹದಿಯೇ ಜರ್ಮನಿಕ್. ಬೇಗಲ್ ಆ ಕಡೆಯದು, ಕೋಷರ್ ಮತ್ತು ಮೇವನ್ (ಪರಿಣತ) ಹೀಬ್ರೂ ಕಡೆಯವು.